ಇಪ್ಪತ್ತೊಂದು ಸೋಪಿನ ಸೇತುವೆ

ಹೋದ ಭಾನುವಾರ ಚಳಿಗಾಲದ ಸ್ವೆಟರುಗಳನ್ನು ಪೆಟ್ಟಿಗೆಯಿಂದ ತೆಗೆಯುತ್ತಿದ್ದಾಗ ಮಡಿಕೆಯೊಂದರಿಂದ ಶ್ರೀಗಂಧದ ಸೋಪಿನ ತುಂಡು ಜಾರಿ ಕಾಲ ಬಳಿ ಬಿತ್ತು. ಅಂಗಡಿಯಲ್ಲಿ ಸಿಗುವ ಆಕಾರದ ಸೋಪಲ್ಲ ಅದು. ಮೇಲೆ ಅಗಲ, ಕೆಳಗೆ ಕಿರಿದು, ಚಾಕುವಿನಿಂದ ಬೆಣೆಯ ಹಾಗೆ ಕೆತ್ತಿದ್ದು. ಒಂದು ಬದಿಯಲ್ಲಿ ಸೂಜಿಯಿಂದ ಕೊರೆದ ಕನ್ನಡ ಅಂಕಿ: ೧೭. ನಾಲ್ಕು ವರ್ಷವಾಗಿದೆ, ವಾಸನೆ ಹಾಗೆಯೇ ಇದೆ.

ನನ್ನ ಕೈಚೀಲದಲ್ಲಿ ಗುರುವಾರದಿಂದ ಒಂದು ಪತ್ರವಿತ್ತು. ನಾನು ಕೆಲಸ ಮಾಡುವ ವಿಭಾಗವನ್ನು ಕಿರಿದುಗೊಳಿಸುವ ಆಲೋಚನೆ ಇದೆಯೆಂದು ಕಂಪನಿಯವರು ಎಲ್ಲರಿಗೂ ಕೊಟ್ಟ ಪತ್ರ. ಈ ದೇಶದಲ್ಲಿ ಖಾಯಮ್ಮಾಗಿ ಇರಲು ಅರ್ಜಿ ಹಾಕುವುದಕ್ಕೆ ನನಗೆ ಇನ್ನೂ ಒಂದು ವರ್ಷ ಬಾಕಿ. ಮೂರು ದಿನದಿಂದ ಯಾರಿಗೂ ಹೇಳಿರಲಿಲ್ಲ. ಸ್ವೆಟರುಗಳನ್ನು ಮಂಚದ ಮೇಲೆ ಬಿಟ್ಟು ಕೋಟು ಹಾಕಿಕೊಂಡು, ಲಂಡನ್ನಿನ ಅಂಚಿನಲ್ಲಿ ನಾನೀಗ ಇರುವ ಇಲ್ಫರ್ಡಿನ ಸ್ಟೇಷನ್ನಿನವರೆಗೆ ನಡೆದೆ. ಅಲ್ಲಿ ಕೆಲಸವೇನೂ ಇರಲಿಲ್ಲ. ಹಿಂದಕ್ಕೆ ನಡೆದೆ. ಇಂಥ ಪತ್ರ ಬಂದರೆ ನನಗೆ ಕೂರಲಾಗುವುದಿಲ್ಲ. ನಾಲ್ಕು ವರ್ಷದ ಹಿಂದೆ, ಆ ಸೋಪು ಕೆತ್ತಿದ ಶರತ್ಕಾಲದಲ್ಲೂ ಆಗಿರಲಿಲ್ಲ.

ಆಗ ನಾನು ಲಂಡನ್ನಿನ ದಕ್ಷಿಣದ ಕ್ರೋಯ್ಡನ್ನಿನಲ್ಲಿ, ಇಂದೂ ಮೌಶಿ ಮತ್ತು ಶ್ರೀಕಂಠ ಕಾಕಾ ಅವರ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಮೌಶಿ ಧಾರವಾಡದವರು, ಎರಡು ಬೀದಿ ಆಚೆಯ ಜಿಪಿ ಸರ್ಜರಿಯಲ್ಲಿ, ಅಂದರೆ ಬಡಾವಣೆಯ ಡಾಕ್ಟರ ಕ್ಲಿನಿಕ್ಕಿನಲ್ಲಿ, ರಿಸೆಪ್ಷನಿಸ್ಟ್. ಕಾಕಾ ಮೈಸೂರಿನವರು. ರೈಲು ಸ್ಟೇಷನ್ನಿನ ಟಿಕೆಟ್ ಕಿಟಕಿಯ ಹಿಂದೆ ಮೂವತ್ತು ವರ್ಷ ಕೂತು ನಿವೃತ್ತರಾಗಿದ್ದರು. ಮೊದಲ ದಿನ ನಾನು "ಆಂಟಿ" ಎಂದಾಗಲೇ ಮೌಶಿ ತಡೆದಿದ್ದರು.

"ಆಂಟಿ ಗೀಂಟಿ ಬ್ಯಾಡವಾ. ಸರ್ಜರಿಯೊಳಗ ಅರ್ಧ ಕ್ರೋಯ್ಡನ್ ನನಗ ಆಂಟಿ ಅಂತದ. ಮನಿಯಾಗರ ಮೌಶಿ ಅನ್ನು."

"ಹಾಗಾದ್ರೆ ನಾನು ಕಾಕಾ ಆದೆ ಅನ್ನು," ಎಂದಿದ್ದರು ಶ್ರೀಕಂಠ ಕಾಕಾ ಪತ್ರಿಕೆಯಿಂದ ತಲೆ ಎತ್ತದೆ. "ಮದುವೆ ಆದಾಗಿಂದ ಈ ಮನೇಲಿ ಧಾರವಾಡದ ಕಾನೂನೇ ಕಣಮ್ಮ."

ನಾನು ತುಮಕೂರಿನವಳು. ಓದಿದ್ದು ಸ್ಟ್ರಕ್ಚರಲ್ ಎಂಜಿನಿಯರಿಂಗ್. ಹಳೆಯ ಸೇತುವೆಗಳು ಎಷ್ಟು ಭಾರ ತಡೆಯಬಲ್ಲವು ಎಂದು ಲೆಕ್ಕ ಹಾಕಿ ವರದಿ ಬರೆಯುವುದು ನನ್ನ ಕೆಲಸ. ಕುದುರೆಗಾಡಿಗೆಂದು ಕಟ್ಟಿದ ಇಟ್ಟಿಗೆಯ ಕಮಾನಿನ ಮೇಲೆ ಇಂದಿನ ಲಾರಿ ಹೋಗಬಹುದೇ ಇಲ್ಲವೇ, ಇಂಥ ಪ್ರಶ್ನೆಗಳು. ಆ ವರ್ಷ ಬೇಸಿಗೆ ಮುಗಿಯುತ್ತಿದ್ದ ಹಾಗೆ ನಮ್ಮ ಸಣ್ಣ ಕಂಪನಿ ಆ ವಿಭಾಗವನ್ನೇ ಮುಚ್ಚಿತು. ಸ್ವಲ್ಪ ದಿನಕ್ಕೆ ವೀಸಾದ ಪತ್ರ ಬಂತು. ಅರುವತ್ತು ದಿನದೊಳಗೆ ನನ್ನ ವೀಸಾದ ಹೊಣೆ ಹೊರುವ ಇನ್ನೊಂದು ಕಂಪನಿ ಸಿಗಬೇಕು, ಇಲ್ಲವಾದರೆ ದೇಶ ಬಿಡಬೇಕು.

ಯಾರಿಗೂ ಹೇಳಲಿಲ್ಲ. ತುಮಕೂರಿಗೆ ಹೇಳಿದರೆ ದಿನಕ್ಕೆ ಮೂರು ಫೋನು ಬರುತ್ತದೆ. ಮೌಶಿಗೆ ಹೇಳಿದರೆ ಸಂಜೆಯೊಳಗೆ ಕ್ರೋಯ್ಡನ್ನಿನಿಂದ ಲಂಡನ್ನಿನ ಆ ತುದಿಯ ಪಿನ್ನರ್‌ವರೆಗಿನ ಕನ್ನಡದವರಿಗೆಲ್ಲ ಗೊತ್ತಾಗುತ್ತದೆ. ಇವೆಲ್ಲ ನಾನು ನನಗೆ ಕೊಟ್ಟುಕೊಂಡ ಕಾರಣಗಳು. ನಿಜವೇನೆಂದರೆ ಲೆಕ್ಕ ಮುಗಿಯುವ ಮೊದಲು ಹಾಳೆಯನ್ನು ಇನ್ನೊಬ್ಬರಿಗೆ ತೋರಿಸುವ ಅಭ್ಯಾಸ ನನಗಿಲ್ಲ. ಶಾಲೆಯಲ್ಲೂ ಎಡಗೈ ಅಡ್ಡ ಇಟ್ಟುಕೊಂಡೇ ಬರೆಯುತ್ತಿದ್ದೆ.

ಆದ್ದರಿಂದ ದಿನವೂ ಮೊದಲಿನ ಹಾಗೆಯೇ ಬೆಳಗ್ಗೆ ಏಳು ನಲವತ್ತಕ್ಕೆ ಮನೆ ಬಿಡುತ್ತಿದ್ದೆ. ಟ್ರಾಮ್ ಹಿಡಿದು ಈಸ್ಟ್ ಕ್ರೋಯ್ಡನ್, ಅಲ್ಲಿಂದ ರೈಲಿನಲ್ಲಿ ಲಂಡನ್ ಬ್ರಿಡ್ಜ್. ಕೈಯಲ್ಲಿ ಮೌಶಿ ಕಟ್ಟಿಕೊಟ್ಟ ಡಬ್ಬಿ: ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ. ಲೈಬ್ರರಿ ತೆರೆಯುವವರೆಗೆ ನದಿಯ ದಡದಲ್ಲಿ ಒಂದು ಸೇತುವೆಯಿಂದ ಇನ್ನೊಂದಕ್ಕೆ ನಡೆಯುವುದು. ಆಮೇಲೆ ಅಲ್ಲಿ ಕೆಲಸಕ್ಕೆ ಅರ್ಜಿ. ಮಳೆ ಇಲ್ಲದಿದ್ದರೆ ಬೆಂಚಿನ ಮೇಲೆ ಊಟ, ಮತ್ತೆ ಅರ್ಜಿ. ಉತ್ತರಗಳು ಬಹಳ ಸಭ್ಯವಾಗಿ ಬರುತ್ತಿದ್ದವು. ನಿಮ್ಮ ಅನುಭವ ನಮಗೆ ಮೆಚ್ಚುಗೆಯಾಯಿತು, ಆದರೆ ವೀಸಾದ ಹೊಣೆ ಹೊರುವ ಸ್ಥಿತಿಯಲ್ಲಿ ನಾವಿಲ್ಲ. ಕೂತರೆ ಫೋನು ನೋಡಬೇಕೆನಿಸುತ್ತಿತ್ತು, ನೋಡಿದರೆ ಎದ್ದು ನಡೆಯಬೇಕೆನಿಸುತ್ತಿತ್ತು. ಆ ತಿಂಗಳು ಬೂಟಿನ ಹಿಮ್ಮಡಿ ಸವೆದದ್ದು ಒಂದೇ ಬದಿಗೆ.

ಅರುವತ್ತರ ಲೆಕ್ಕದಲ್ಲಿ ಹದಿನೆಂಟನೆಯ ದಿನ ಸಂಜೆ ಮನೆಗೆ ಬಂದಾಗ ಕಾಕಾ ಅಟ್ಟದಿಂದ ಗೊಂಬೆಗಳ ಪೆಟ್ಟಿಗೆ ಇಳಿಸಿ ಮುಂದಿನ ಕೋಣೆಯಲ್ಲಿ ಕೂತಿದ್ದರು. ಅವರ ಅಮ್ಮನ ಕಾಲದ ದಸರಾ ಗೊಂಬೆಗಳು. ಪಟ್ಟದ ರಾಜ ರಾಣಿ, ದಶಾವತಾರ, ಸಿಪಾಯಿಗಳು, ತಕ್ಕಡಿ ಮುಂದಿಟ್ಟುಕೊಂಡ ಶೆಟ್ಟಿ ಶೆಟ್ಟಮ್ಮ. ಪ್ರತಿ ವರ್ಷ ಕೊನೆಯ ಮೆಟ್ಟಿಲಿನ ಮೇಲೆ ಅವರು ಒಂದೊಂದು ಸೇತುವೆ ಕಟ್ಟುತ್ತಿದ್ದರಂತೆ. ಮೌಶಿಗೆ ಇದೆಲ್ಲ "ನಿಮ್ಮ ಮೈಸೂರವರ ಆಟ". ಅವರ ತವರಿನಲ್ಲಿ ನವರಾತ್ರಿಗೆ ಘಟ ಕೂರಿಸುತ್ತಿದ್ದರು, ದೀಪ ಕಾಯುತ್ತಿದ್ದರು, ಗೊಂಬೆ ಕೂರಿಸುತ್ತಿರಲಿಲ್ಲ.

"ಈ ಸಲ ರಿಯಾಲ್ಟೊ ಕಣಮ್ಮ," ಎಂದು ಕಾಕಾ ಕ್ಯಾಲೆಂಡರಿನಿಂದ ಕತ್ತರಿಸಿದ ಚಿತ್ರ ತೋರಿಸಿದರು. ವೆನಿಸ್ಸಿನ ದೊಡ್ಡ ಕಾಲುವೆಯ ಮೇಲೆ ಒಂದೇ ನೆಗೆತಕ್ಕೆ ದಾಟಿದ ಬಿಳಿ ಕಲ್ಲಿನ ಕಮಾನು. ಮೇಲೆ ಎರಡು ಸಾಲು ಅಂಗಡಿ, ನಡುವೆ ಮಂಟಪ. "ನಲವತ್ತು ವರ್ಷದಿಂದ ನಮ್ಮ ಶೆಟ್ಟಿ ಬರೀ ನೆಲದ ಮೇಲೆ ಕೂತು ವ್ಯಾಪಾರ ಮಾಡ್ತಿದಾನೆ. ಅಂಗಡಿ ಇರೋ ಸೇತುವೆ ಅಂದ್ರೆ ಇದೇ."

"ಖರೇ ವೆನಿಸ್ಸಿಗೆ ಕರಕೊಂಡ ಹೋಗ್ತೀನಿ ಅಂತ ಹತ್ತ ವರ್ಷದಿಂದ ಹೇಳ್ಕೋತ ಬಂದಾರ," ಎಂದು ಅಡಿಗೆಮನೆಯಿಂದ ಮೌಶಿ. "ಶೆಟ್ಟಿಗೆ ತೋರಸ್ತಾರ, ನನಗಿಲ್ಲ."

ಕಾಕಾ ನಕ್ಕರು. ಆಮೇಲೆ ಬಲಗೈ ಮುಂದೆ ಚಾಚಿದರು. ಬೆರಳುಗಳು ತಮ್ಮಷ್ಟಕ್ಕೆ ನಡುಗುತ್ತಿದ್ದವು. "ಡಾಕ್ಟರು ಮಾತ್ರೆ ಕೊಟ್ಟಿದಾರೆ. ಮಾತ್ರೆಗೆ ಗೊತ್ತು, ಕೈಗೆ ಗೊತ್ತಿಲ್ಲ. ನೀನು ಕೂಡ್ತೀಯಾ ಪಲ್ಲವಿ?"

ಇಲ್ಲ ಎನ್ನಲು ಕಾರಣ ಹುಡುಕಿದೆ. ಕೆಲಸ ಜಾಸ್ತಿ ಎಂದು ಹೇಳಬಹುದಿತ್ತು. ಆ ಸುಳ್ಳು ಮಾತ್ರ ಬಾಯಿಗೆ ಬರಲಿಲ್ಲ.

ಯಾವುದರಿಂದ ಕಟ್ಟುವುದೆಂಬ ಪ್ರಶ್ನೆಗೆ ಉತ್ತರ ಮಹಡಿ ಮೆಟ್ಟಿಲಿನ ಕೆಳಗಿನ ಕಪಾಟಿನಲ್ಲಿತ್ತು. ಮೈಸೂರಿನಿಂದ ಯಾರು ಬಂದರೂ ಸೂಟ್‌ಕೇಸಿನ ಮೂಲೆಯಲ್ಲಿ ಶ್ರೀಗಂಧದ ಸೋಪು ಬರುತ್ತದೆ. ಕೊಟ್ಟವರಿಗೂ ಪಡೆದವರಿಗೂ ಬೇರೇನೂ ಹೊಳೆಯುವುದಿಲ್ಲ. ಮೌಶಿ ಸ್ನಾನಕ್ಕೆ ಬಳಸುತ್ತಿದ್ದದ್ದು ಸೂಪರ್ ಮಾರ್ಕೆಟ್ಟಿನ ದ್ರವ. ಹಾಗಾಗಿ ವರ್ಷಗಟ್ಟಲೆ ಸೇರಿದ ಸೋಪುಗಳು ಅಲ್ಲಿ ಗೋಡೆ ಕಟ್ಟಿ ಕೂತಿದ್ದವು. ಹಳತಾದವು ಒಣಗಿ, ಮಾಸಿದ ಬಿಳಿ ಕಲ್ಲಿನ ಬಣ್ಣಕ್ಕೆ ತಿರುಗಿದ್ದವು.

"ಅಂಟು ಹಾಕಬಾರದು," ಎಂದರು ಕಾಕಾ. "ಕಲ್ಲಿಗೆ ಕಲ್ಲು ಒರಗಿ ನಿಲ್ಲಬೇಕು. ಅದೇ ಕಮಾನಿನ ಮರ್ಯಾದೆ."

ನಾನು ಮಹಡಿಗೆ ಹೋಗಿ ಗ್ರಾಫ್ ಹಾಳೆಯಲ್ಲಿ ಬರೆದೆ. ಇಪ್ಪತ್ತೊಂದು ಬೆಣೆ. ಕಮಾನನ್ನು ಬಿಗಿಹಿಡಿಯುವ ನಡುವಿನ ಬೀಗದ ಕಲ್ಲು ಹನ್ನೊಂದನೆಯದು. ಪ್ರತಿಯೊಂದರ ಓರೆ ಎಷ್ಟು ಡಿಗ್ರಿ, ಶೆಟ್ಟಿ ಶೆಟ್ಟಮ್ಮನ ತೂಕ ಎಷ್ಟು ಗ್ರಾಂ, ರಟ್ಟಿನ ಅಂಗಡಿಗಳದ್ದು ಎಷ್ಟು, ಭಾರ ಬುಡಕ್ಕೆ ಇಳಿಯುವ ಗೆರೆ ಸೋಪಿನ ದಪ್ಪದೊಳಗೇ ಹಾಯುತ್ತದೆಯೇ. ಸಂಜೆ ಆರರಿಂದ ಏಳೂವರೆಯವರೆಗೆ ನಾನು ಕೆತ್ತುತ್ತಿದ್ದೆ, ಕಾಕಾ ಸೂಜಿಯಿಂದ ಅಂಕಿ ಕೊರೆಯುತ್ತಿದ್ದರು. ನಡುಗುವ ಕೈಯಿಂದ ಬಂದ ಅಂಕಿಗಳು ಪ್ರಾಚೀನ ಶಾಸನದ ಹಾಗೆ ಕಾಣುತ್ತಿದ್ದವು. ದಿನದಲ್ಲಿ ನಾನು ಒಂದೆಡೆ ನೆಮ್ಮದಿಯಾಗಿ ಕೂರುತ್ತಿದ್ದದ್ದು ಆ ಒಂದೂವರೆ ಗಂಟೆ ಮಾತ್ರ.

ಕೆತ್ತುತ್ತ ಕಾಕಾ ಹೇಳುತ್ತಿದ್ದರು. ಅಲ್ಲಿ ಮೊದಲು ಮರದ ಸೇತುವೆ ಇತ್ತಂತೆ. ಒಮ್ಮೆ ದೋಣಿಗಳಲ್ಲಿ ಹೊರಟ ಮದುವೆ ಮೆರವಣಿಗೆ ನೋಡಲು ಜನ ಮುಗಿಬಿದ್ದು ಅದು ಕುಸಿಯಿತಂತೆ. ಕಲ್ಲಿನದು ಕಟ್ಟುವಾಗ, ಇಷ್ಟು ಅಗಲದ ಒಂದೇ ಕಮಾನು ನಿಲ್ಲುವುದುಂಟೇ ಎಂದು ಎಷ್ಟೋ ಜನ ಆಡಿಕೊಂಡರಂತೆ.

"ಆದ್ರೂ ನಿಂತಿದೆ. ಯಾಕೆ ಗೊತ್ತಾ?"

"ಬುಡ," ಎಂದೆ. "ಕಮಾನು ಕೆಳಗಷ್ಟೇ ಒತ್ತುವುದಿಲ್ಲ, ಪಕ್ಕಕ್ಕೂ ತಳ್ಳುತ್ತದೆ. ಎರಡೂ ದಡದಲ್ಲಿ ಕೆಸರಿನೊಳಗೆ ಸಾವಿರಾರು ಮರದ ಗೂಟ ಇಳಿಸಿದ್ದಾರೆ. ಆ ತಳ್ಳುವಿಕೆಯನ್ನು ಅವು ತಡೆಯುತ್ತವೆ."

"ನೋಡೇ ಇಂದೂ, ಓದಿದ ಹುಡುಗಿ!"

"ಓದಿದಾಕಿ ಖರೇ," ಎಂದರು ಮೌಶಿ. "ಊಟ ಮಾತ್ರ ಗುಬ್ಬಿಯಂಗ ಮಾಡ್ತದ ಈ ಪೋರಿ ಇತ್ತೀಚಿಗೆ." ನನ್ನ ಡಬ್ಬಿಯ ಮುಚ್ಚಳ ತೆಗೆದು ಒಳಗೆ ನೋಡಿದರು, ನನ್ನ ಕಡೆ ನೋಡಿದರು, ಸಿಂಕಿನಲ್ಲಿ ಇಟ್ಟರು.

ಮೂವತ್ತನೆಯ ದಿನ ನೆಲದ ಕಾರ್ಪೆಟ್ಟಿನ ಮೇಲೆ ಕಮಾನು ನಿಂತಿತು. ಎರಡು ಮರದ ದಿಮ್ಮಿಗಳ ನಡುವೆ, ರಟ್ಟಿನ ಆಧಾರದ ಮೇಲೆ ಇಪ್ಪತ್ತೊಂದನ್ನೂ ಜೋಡಿಸಿ, ಮೆಲ್ಲನೆ ಆಧಾರ ಎಳೆದೆ. ಕದಲಲಿಲ್ಲ. ಕಾಕಾ ಶೆಟ್ಟಿಯನ್ನು ತಂದು ಬೀಗದ ಕಲ್ಲಿನ ಮೇಲೆ ಕೂರಿಸಿದರು. ಆಗಲೂ ಕದಲಲಿಲ್ಲ. ಅಷ್ಟು ದಿನಗಳಲ್ಲಿ ನಾನು ನೋಡಿದ ಮೊದಲ ಒಳ್ಳೆಯ ಉತ್ತರ ಅದು.

ಎರಡು ದಿನ ಕಳೆದು ಶನಿವಾರ. ಮಾರನೆಯ ದಿನ ಸರಸ್ವತಿ ಪೂಜೆ, ಅರಿಶಿನ ಕುಂಕುಮಕ್ಕೆ ಪಿನ್ನರ್, ಇಲ್ಫರ್ಡಿನಿಂದೆಲ್ಲ ಹೆಂಗಸರು ಬರುವವರಿದ್ದರು. ಸೇತುವೆಯನ್ನು ಗೊಂಬೆಗಳ ಮೆಟ್ಟಿಲಿಗೆ ಏರಿಸಬೇಕಿತ್ತು. ಹೊಳೆಗೆ ನೀಲಿ ಬಟ್ಟೆ ಸಿಗಲಿಲ್ಲವೆಂದು ಕಾಕಾ ಗೊಣಗುತ್ತಿದ್ದಾಗ ಮೌಶಿ ಒಳಗೆ ಹೋಗಿ ತಮ್ಮ ಇಳಕಲ್ ಸೀರೆ ತಂದರು. ಗಾಢ ನೀಲಿ, ರೇಷ್ಮೆಯ ಮೈ, ಕೆಂಪು ಸೆರಗು.

"ತಗೋರಿ. ನಿಮ್ಮ ಮೈಸೂರ ಗೊಂಬಿ ಧಾರವಾಡದ ನೀರಿನ್ಯಾಗ ದ್ವಾಣಿ ಬಿಡ್ಲಿ."

ಗೊಂಬೆಗಳ ವಿಷಯಕ್ಕೆ ಆ ಮನೆಯಲ್ಲಿ ಮೌಶಿ ತಾವಾಗಿ ಕೈ ಹಾಕಿದ್ದು ಅದೇ ಮೊದಲಂತೆ. ಕಾಕಾ ಸೀರೆಯ ಒಂದು ತುದಿ ಹಿಡಿದರು. ಸೀರೆ ಹಾಸಿದೆವು. ಅದರ ಮೇಲೆ ದಿಮ್ಮಿಗಳನ್ನಿಟ್ಟೆ, ಬೆಣೆಗಳನ್ನು ಜೋಡಿಸಿದೆ. ಕೊನೆಯ ಬೆಣೆ ಕೂರಿಸುವಾಗ ಜೇಬಿನಲ್ಲಿ ಫೋನು ಅದುರಿತು. ಆಸೆ ಇಟ್ಟುಕೊಂಡಿದ್ದ ಒಂದು ಕಂಪನಿಯ ಮೇಲ್.

"ಪಲ್ಲವಿ, ಬುಡ ನೋಡಿದ್ಯೇನಮ್ಮ?"

"ನೋಡಿದೆ ಕಾಕಾ," ಎಂದೆ, ಕಣ್ಣು ಫೋನಿನ ಮೇಲೆ. ಆಧಾರ ಎಳೆದು, ಕಾಕಾ ಶೆಟ್ಟಿ ಶೆಟ್ಟಮ್ಮನನ್ನು ಮೇಲೆ ಕೂರಿಸುತ್ತಿದ್ದಾಗ ಅಡಿಗೆಮನೆಗೆ ಹೋದೆ. ಮೇಲ್ ತೆರೆದೆ. ನಿಮ್ಮ ಅನುಭವ ನಮಗೆ ಮೆಚ್ಚುಗೆಯಾಯಿತು, ಆದರೆ.

ದೊಡ್ಡ ಸದ್ದೇನಾಗಲಿಲ್ಲ. ಬುಟ್ಟಿಯಿಂದ ನಿಂಬೆಹಣ್ಣು ಚೆಲ್ಲಿದ ಹಾಗೆ ಒಂದರ ಹಿಂದೊಂದು ತಟತಟ. ಓಡಿ ಬಂದಾಗ ರೇಷ್ಮೆಯ ಮೇಲೆ ದಿಮ್ಮಿಗಳು ಆಚೆಗೊಂದು ಈಚೆಗೊಂದು ಸರಿದು ನಿಂತಿದ್ದವು. ನಡುವೆ ಸೋಪಿನ ರಾಶಿ. ಶೆಟ್ಟಿಗೆ ಏನೂ ಆಗಿರಲಿಲ್ಲ. ಶೆಟ್ಟಮ್ಮನ ತಕ್ಕಡಿ ಹಿಡಿದ ಕೈ ಮುರಿದು ಸೆರಗಿನ ಮೇಲೆ ಬಿದ್ದಿತ್ತು. ಕಾಕಾ ಅವರ ಅಮ್ಮ ಮೈಸೂರಿನಿಂದ ಮಡಿಲಲ್ಲಿಟ್ಟುಕೊಂಡು ತಂದಿದ್ದ ಗೊಂಬೆ ಅದು.

ಕಾರ್ಪೆಟ್ಟಿನ ಮೇಲೆ ದಿಮ್ಮಿ ಜಾರಿರಲಿಲ್ಲ, ಅದಕ್ಕೆ ನಿಂತಿತ್ತು. ರೇಷ್ಮೆಯ ಮೇಲೆ ಜಾರುತ್ತದೆ. ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ವಿಷಯ. ನಾನು ಮಂಡಿಯೂರಿ ಸೋಪುಗಳನ್ನು ಅಂಕಿಯ ಪ್ರಕಾರ ಜೋಡಿಸತೊಡಗಿದೆ. ಒಂದು, ಎರಡು, ಮೂರು. ನಾಲ್ಕು ಸಿಗಲಿಲ್ಲ. ಹುಡುಕುತ್ತಲೇ ಹೇಳಿದೆ: "ನಾನು ನೋಡಿರಲಿಲ್ಲ ಕಾಕಾ. ನೋಡಿದೆ ಅಂದೆ. ನೋಡಿರಲಿಲ್ಲ."

"ಹೋಗ್ಲಿ ಬಿಡಮ್ಮ. ಕೈ ಅಲ್ವಾ, ಅಂಟಿಸಿದ್ರಾಯ್ತು. ನನ್ನ ಕೈಗಿಂತ ಚೆನ್ನಾಗಿರುತ್ತೆ."

ಮೌಶಿ ಸೋಫಾದ ಕೆಳಗಿನಿಂದ ನಾಲ್ಕನೆಯದನ್ನು ತೆಗೆದುಕೊಟ್ಟರು. ಆಮೇಲೆ ನನ್ನ ಎದುರಿಗೆ ನೆಲದ ಮೇಲೇ ಕೂತರು.

"ಒಂದ ಖರೇ ಹೇಳಿದಿ. ಇನ್ನೊಂದು?"

ನಾನು ನಾಲ್ಕನೆಯದನ್ನು ಮೂರರ ಪಕ್ಕದಲ್ಲಿಟ್ಟೆ.

"ಆಫೀಸಿಗೆ ಹೋಗೂ ಮುಂದ ನಿನ್ನ ಡಬ್ಬಿ ತೊಳದು ಒರಸಿ ಬರ್ತಿತ್ತು. ಒಂದ ದಿನ ತಪ್ಪಿಲ್ಲ. ಈಗ ಐದ ವಾರ ಆತು, ಎಂಜಲ ಡಬ್ಬಿ ಬರ್ಲಿಕತ್ತದ. ತೊಳಿಲಿಕ್ಕೆ ನಳ ಇಲ್ಲದ ಆಫೀಸ ಯಾವುದವಾ ಅದು?"

ಕಾಕಾ ಮೆಲ್ಲನೆ ಎಂದರು: "ಇಂದೂ, ಆ ಮಗೂನ ಬಿಡು."

"ಬಿಡೂದಿಲ್ರಿ. ಐದ ವಾರ ಬಿಟ್ಟೀನಿ."

ಹೇಳಿದೆ. ಕಂಪನಿ, ಪತ್ರ, ಅರುವತ್ತು ದಿನ, ಇಂದು ಮೂವತ್ತೆರಡನೆಯದು, ಲೈಬ್ರರಿ, ಬೆಂಚು. ವರದಿ ಓದಿದ ಹಾಗೆ ಹೇಳಿದೆ. ಮುಗಿದ ಮೇಲೆ ಕೈಯಲ್ಲಿದ್ದ ಸೋಪನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಉಗುರಿನ ಗುರುತು ಮೂಡಿತ್ತು.

ಮೌಶಿ ಸಮಾಧಾನ ಹೇಳಲಿಲ್ಲ. ಎದ್ದು ಅಡಿಗೆಮನೆಗೆ ಹೋದರು. ಹತ್ತು ಕಿಲೋ ಜೋಳದ ಹಿಟ್ಟಿನ ಚೀಲವನ್ನು ಎಳೆದು ತಂದು, ಬಲಗಡೆಯ ದಿಮ್ಮಿಯ ಬೆನ್ನಿಗೆ ಧಪ್ಪನೆ ಒರಗಿಸಿದರು.

"ಇದು ಸರೀತದೇನು ನೋಡು ಈಗ."

ಕಾಕಾ ಒಂದು ಕ್ಷಣ ಚೀಲ ನೋಡಿದರು. "ಎಡಗಡೆಗೆ ನಮ್ಮ ಕಡೇದು ಬೇಡ್ವಾ?" ಎಂದು ಸೋನಾಮಸೂರಿ ಅಕ್ಕಿಯ ಚೀಲಕ್ಕೆ ಹೋದರು. ನಡುಗುವ ಕೈಗೆ ಅದು ಬರಲಿಲ್ಲ. ನಾವಿಬ್ಬರೂ ಸೇರಿ ಎತ್ತಿದೆವು. ಒಂದು ಕಡೆ ಅಕ್ಕಿ, ಒಂದು ಕಡೆ ಜೋಳ, ನಡುವೆ ಇಳಕಲ್ ಹೊಳೆ. ಈ ಸಲ ಬುಡವನ್ನು ಕೈಯಿಂದ ತಳ್ಳಿ ನೋಡಿದೆ, ಎರಡೂ ಕಡೆ, ಎರಡೆರಡು ಸಲ. ಆಮೇಲೆ ಆಧಾರ ಎಳೆದೆ. ನಿಂತಿತು.

ಮಾರನೆಯ ದಿನ ಬಂದ ಹೆಂಗಸರೆಲ್ಲ ಫೋಟೋ ತೆಗೆದರು. "ಚೀಲ ಮುಚ್ಚಬಾರದಿತ್ತೇ, ಚೆಂದ ಕಾಣ್ತಿತ್ತು," ಎಂದರು ಪಿನ್ನರಿನ ಒಬ್ಬರು. "ಚಂದಕ್ಕಲ್ರಿ ಅದು, ಬಂದೋಬಸ್ತಿಗೆ," ಎಂದರು ಮೌಶಿ. ನನ್ನ ವಿಷಯ ಒಬ್ಬರಿಗೂ ಹೇಳಲಿಲ್ಲ. ಪಿನ್ನರ್‌ವರೆಗೆ ಹಬ್ಬುತ್ತದೆಂದು ನಾನು ಎಣಿಸಿದ್ದು ತಪ್ಪಾಗಿತ್ತು.

ವಿಜಯದಶಮಿಯ ಸಂಜೆ ಬನ್ನಿ ಎಲೆ ಇಲ್ಲದ್ದರಿಂದ ಹಿತ್ತಲಿನ ಬರ್ಚ್ ಮರದ ಹಳದಿ ಎಲೆಗಳನ್ನು ಕೊಟ್ಟು ನಮಸ್ಕರಿಸಿದೆ. "ಬಂಗಾರದಂಗ ಇರೂಣು," ಎಂದರು ಮೌಶಿ. ಕಾಕಾ ಪಟ್ಟದ ಗೊಂಬೆಗಳನ್ನು ಮಲಗಿಸಿದರು. ಮರುದಿನ ಉಳಿದ ಗೊಂಬೆಗಳೆಲ್ಲ ಪೆಟ್ಟಿಗೆ ಸೇರಿದವು. ಸೇತುವೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಮೂವತ್ತೆಂಟನೆಯ ದಿನ ಒಂದು ಸಂದರ್ಶನ ಇತ್ತು, ವೀಡಿಯೊದಲ್ಲಿ. ಮಹಡಿಯಲ್ಲಿ ವೈಫೈ ನಿಲ್ಲುತ್ತಿರಲಿಲ್ಲ, ಮುಂದಿನ ಕೋಣೆಯಲ್ಲೇ ಕೂತೆ. ಗಾಬರಿಯಲ್ಲಿ ಹಿನ್ನೆಲೆ ಮಸುಕಾಗಿಸುವುದನ್ನು ಮರೆತಿದ್ದೆ. ನರೆಗೂದಲಿನ ಹೆಂಗಸೊಬ್ಬರು ಒಂದೆರಡು ಪ್ರಶ್ನೆ ಕೇಳಿ, ಆಮೇಲೆ ಕನ್ನಡಕ ಸರಿಮಾಡಿಕೊಂಡು ಪರದೆಗೆ ಹತ್ತಿರ ಬಂದರು.

"ನಿಮ್ಮ ಹಿಂದೆ ಇರುವುದು ರಿಯಾಲ್ಟೊ ಅಲ್ಲವೇ? ಆ ಚೀಲಗಳೇಕೆ?"

ಚೆಂದದ ಉತ್ತರಗಳನ್ನು ಬರೆದಿಟ್ಟುಕೊಂಡಿದ್ದೆ, ಯಾವುದೂ ಇದಕ್ಕೆ ಹೊಂದಲಿಲ್ಲ. ಸೋಪು, ರೇಷ್ಮೆ, ಹಿಟ್ಟು ಎಲ್ಲ ಹೇಳಿದೆ. "ಬುಡ ನೋಡಿದೆಯಾ ಎಂದು ಕೇಳಿದರು. ನೋಡದೆ ನೋಡಿದೆ ಎಂದೆ. ಅದಕ್ಕೇ ಬಿತ್ತು," ಎಂದೆ. ಆಕೆ ನಗಲಿಲ್ಲ. ಏನೋ ಬರೆದುಕೊಂಡರು. ಈ ಕೆಲಸವೂ ಕೈತಪ್ಪಿತು ಎಂದುಕೊಂಡು ಲ್ಯಾಪ್‌ಟಾಪ್ ಮುಚ್ಚಿದೆ.

ಒಂದು ವಾರದ ಮೇಲೆ ಅವರಿಂದ ಹೂಂ ಎಂದು ಬಂತು. ಆದರೆ ವೀಸಾದ ಹೊಣೆ ಹೊರುವುದಕ್ಕೆ ಬೇಕಾದ ಪ್ರಮಾಣಪತ್ರ ಇನ್ನೂ ಆಗಬೇಕು, ಸಮಯದೊಳಗೆ ಆದೀತೇ ಹೇಳಲಾರೆವು ಎಂದೂ ಬಂತು. ಮತ್ತೆ ನಡೆದೆ. ಈಗ ಕ್ರೋಯ್ಡನ್ನಿನ ಬೀದಿಗಳಲ್ಲೇ, ಸುಳ್ಳಿನ ರೈಲು ಇಲ್ಲದೆ. ಡಬ್ಬಿ ಬೇಡವೆಂದರೂ ಮೌಶಿ ಕಟ್ಟುತ್ತಿದ್ದರು. ಒಂದು ದಿನ ಅವರು ಅಂಗಡಿಯಿಂದ ಒಂದು ಕಿಲೋ ಜೋಳದ ಹಿಟ್ಟಿನ ಪೊಟ್ಟಣ ತಂದದ್ದು ಕಂಡಿತು. ಮರುವಾರವೂ ಅದೇ.

"ಮೌಶಿ, ಅಲ್ಲಿ ಚೀಲ ತುಂಬ ಇದೆಯಲ್ಲ?"

"ಅದು ಕೆಲಸದ ಮ್ಯಾಲದ," ಎಂದರು ರೊಟ್ಟಿ ಬಡಿಯುತ್ತ. "ನಿನ್ನ ಕಾಗದ ಬರೂತನ ಅದಕ್ಕ ರಜಾ ಇಲ್ಲ."

ಐವತ್ತಾರನೆಯ ದಿನ ಪ್ರಮಾಣಪತ್ರದ ಸಂಖ್ಯೆ ಬಂತು. ಆ ಮಧ್ಯಾಹ್ನವೇ ವೀಸಾದ ಅರ್ಜಿ ಕಳುಹಿಸಿದೆ. ಕೆಳಗಿಳಿದು ಹೇಳಿದಾಗ ಕಾಕಾ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಮೌಶಿ ಸೆರಗು ಸಿಕ್ಕಿಸಿಕೊಂಡು, "ಇನ್ನರ ನನ್ನ ಹಿಟ್ಟ ಬಿಟ್ಟಕೊಡ್ರಿ," ಎಂದು ಚೀಲದ ಕಿವಿ ಹಿಡಿದು ಎಳೆದರು. ದಿಮ್ಮಿ ಒಂದಿಂಚು ಸರಿಯಿತು. ಹನ್ನೊಂದನೆಯ ಬೆಣೆಯ ಪಕ್ಕದಲ್ಲಿ ಸಣ್ಣ ಬಿರುಕು ಬಾಯಿ ಬಿಟ್ಟಿತು. ಮೂವರೂ ನಿಂತು ನೋಡಿದೆವು. ಯಾರೂ ಕೈ ಅಡ್ಡ ಹಿಡಿಯಲಿಲ್ಲ. ನೀಲಿ ಸೀರೆಯ ಮೇಲೆ ಅದು ಬಿದ್ದಾಗ ಕೋಣೆ ತುಂಬ ಶ್ರೀಗಂಧ.

ಸೋಪುಗಳನ್ನು ಮೌಶಿಯೇ ಹಂಚಿದರು, ಏಳೇಳು. ಅವರು ಆ ವಾರವೇ ಸ್ನಾನಕ್ಕೆ ತಮ್ಮ ಪಾಲಿನದು ತೆಗೆದರೆಂದು ಕಾಕಾ ಗುಟ್ಟಾಗಿ ಹೇಳಿದರು. ನನ್ನ ಪಾಲಿಗೆ ಬಂದದ್ದು ಹದಿನೈದರಿಂದ ಇಪ್ಪತ್ತೊಂದು. ಆರು ಸವೆದುಹೋಗಿವೆ. ಉಳಿದಿದ್ದು ಇದೊಂದೇ, ಎಲ್ಲಿಟ್ಟೆನೆಂದು ನನಗೇ ಮರೆತಿತ್ತು.

ಭಾನುವಾರ ಸ್ಟೇಷನ್ನಿನಿಂದ ಹಿಂದಿರುಗಿದವಳು ಕೋಟು ತೆಗೆಯದೆ ಕ್ರೋಯ್ಡನ್ನಿಗೆ ಫೋನು ಮಾಡಿದೆ. ಕಾಕಾ ಎತ್ತಿಕೊಂಡರು. ಕೈ ಈಗ ಇನ್ನಷ್ಟು ಸೋತಿದೆ, ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರಿನಲ್ಲೇ ಮಾತಾಡುತ್ತಾರೆ. ಗೊಂಬೆ ಪೆಟ್ಟಿಗೆ ಇಳಿಸುವುದಕ್ಕೆ ಯಾವಾಗ ಬರುತ್ತೀಯೆಂದು ಕೇಳಿದರು. ಬರುತ್ತೇನೆ ಎಂದೆ. ಆಮೇಲೆ, ಅವರು ಇನ್ನೊಂದು ಮಾತಿಗೆ ಹೋಗುವ ಮೊದಲೇ, ಕೈಚೀಲದಲ್ಲಿದ್ದ ಪತ್ರದ ವಿಷಯ ಹೇಳಿದೆ. ವಿಭಾಗ, ವೀಸಾ, ಬಾಕಿ ಇರುವ ಒಂದು ವರ್ಷ.

ಆ ಕಡೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು; ಅದು ನಿಂತಿತು.

"ಯಾವತ್ತು ಬಂತಂತ ಕಾಗದ?" ಎಂದರು ಮೌಶಿ ದೂರದಿಂದ.

"ಗುರುವಾರ."

"ಮೂರ ದಿನ," ಎಂದರು. "ಪರವಾ ಇಲ್ಲ, ಐದ ವಾರದಕಿಂತ ಸುಧಾರಿಸ್ಯಾಳ." ಆಮೇಲೆ ಕಾಕಾಗೆ, ನನಗೆ ಕೇಳಲಿ ಎಂದೇ ದನಿ ಏರಿಸಿ: "ಏನ್ರೀ, ಹಿಟ್ಟಿನ ಚೀಲ ನಿನ್ನೆ ಹೊಸಾದ ತಂದೀನಿ ಅಂತ ಹೇಳ್ರಿ ಅಕೀಗೆ. ಇನ್ನೂ ಬಾಯಿ ಬಿಚ್ಚಿಲ್ಲ."